ಬ್ರಾಹ್ಮೀ ಘೃತ: ಪಾಕದ ಹದ, ಸೇವನೆಯ ಎಚ್ಚರ

ಬ್ರಾಹ್ಮೀ ಘೃತವನ್ನು, ಅಂದರೆ ಬ್ರಾಹ್ಮಿಯ ರಸದಲ್ಲಿ ಕಾಯಿಸಿದ ಔಷಧೀಯ ತುಪ್ಪವನ್ನು, ಕೊಳ್ಳುವ ಮುನ್ನ ಸೀಸೆಯ ಮೇಲಿನ ಘಟಕಗಳ ಪಟ್ಟಿಯನ್ನು ಪೂರ್ತಿಯಾಗಿ ಓದಬೇಕು, ಏಕೆಂದರೆ ಇದೇ ಹೆಸರಿನಲ್ಲಿ ಒಂದಕ್ಕಿಂತ ಹೆಚ್ಚು ಯೋಗಗಳು (ಔಷಧದ ಪಾಕಸೂತ್ರಗಳು) ಇವೆ. ಚರಕಸಂಹಿತೆಯ ಯೋಗದಲ್ಲಿ ಹಳೆಯ ತುಪ್ಪ ಹಾಗೂ ಬ್ರಾಹ್ಮಿಯ ರಸದೊಂದಿಗೆ ಬಜೆ, ಕೋಷ್ಠ ಮತ್ತು ಶಂಖಪುಷ್ಪಿ ಸೇರುತ್ತವೆ; ಅಷ್ಟಾಂಗಹೃದಯದ ಯೋಗದಲ್ಲಾದರೋ ಶುಂಠಿ, ಮೆಣಸು, ಹಿಪ್ಪಲಿಗಳ ಜೊತೆಗೆ ತಿಗಡೆ, ದಂತಿ, ಕಕ್ಕೆಯಂತಹ ಭೇದಿ ಮಾಡಿಸುವ ದ್ರವ್ಯಗಳೂ ಇವೆ. ನೆನಪಿನ ಶಕ್ತಿಗೆಂದು ಮಕ್ಕಳಿಗೆ ತಾವಾಗಿಯೇ ಕೊಡಲು ಹೊರಡುವವರು ಈ ವ್ಯತ್ಯಾಸವನ್ನು ಮೊದಲು ತಿಳಿಯಬೇಕು. ಹಲವು ದ್ರವ್ಯಗಳಿರುವ ಇಂತಹ ಘೃತಗಳನ್ನು ಪರವಾನಗಿ ಸಂಖ್ಯೆ, ತಯಾರಿಕೆಯ ದಿನಾಂಕ ಮತ್ತು ಅವಧಿ ಮುಗಿಯುವ ದಿನಾಂಕ ಸ್ಪಷ್ಟವಾಗಿ ಮುದ್ರಿತವಾಗಿರುವ ಸೀಸೆಯಲ್ಲಿಯೇ ಕೊಳ್ಳುವುದು ಲೇಸು.

ಮನೆಯಲ್ಲಿ ಮಾಡುವುದಾದರೆ ಒಂದೇ ಗಿಡದ ಸರಳ ಘೃತಕ್ಕೆ ಸೀಮಿತವಾಗಿರುವುದು ಉಚಿತ. ಕರಾವಳಿ ಮತ್ತು ಮಲೆನಾಡಿನಲ್ಲಿ ತಂಬುಳಿಗೆ ಬಳಸುವ ಒಂದೆಲಗವನ್ನೇ ಬ್ರಾಹ್ಮಿ ಎನ್ನುವವರು ಬಹಳ. ವೈದ್ಯರು ಸೂಚಿಸಿದ್ದು ಅದೋ, ನೀರುಬ್ರಾಹ್ಮಿಯೋ ಎಂಬುದನ್ನು ಅವರಲ್ಲಿಯೇ ಕೇಳಿ ಖಚಿತಪಡಿಸಿಕೊಳ್ಳಬೇಕು. ಸಾಮಾನ್ಯ ನಿಯಮದಂತೆ ಕಲ್ಕ (ನುಣ್ಣಗೆ ಅರೆದ ಮೂಲಿಕೆ) ಒಂದು ಪಾಲು, ತುಪ್ಪ ನಾಲ್ಕು ಪಾಲು, ದ್ರವ ಹದಿನಾರು ಪಾಲು. ಆದರೆ ಸೊಪ್ಪಿನ ರಸವೇ ದ್ರವವಾಗಿದ್ದಾಗ ಕಲ್ಕವು ತುಪ್ಪದ ಎಂಟನೇ ಒಂದು ಪಾಲಿದ್ದರೆ ಸಾಕೆಂದು ಶಾರ್ಙ್ಗಧರಸಂಹಿತೆ ಹೇಳುತ್ತದೆ. ಅಂದರೆ 250 ಗ್ರಾಂ ಹಸುವಿನ ತುಪ್ಪಕ್ಕೆ ಒಂದು ಲೀಟರ್ ರಸ, ಸುಮಾರು 30 ಗ್ರಾಂ ನುಣ್ಣಗೆ ಅರೆದ ಸೊಪ್ಪು.

ಪಾತ್ರೆ ದಪ್ಪ ತಳದ್ದಾಗಿರಲಿ, ಅಗಲವಾಗಿರಲಿ, ಏಕೆಂದರೆ ನೊರೆ ಬಹಳ ಏಳುತ್ತದೆ. ತುಪ್ಪವನ್ನು ಕರಗಿಸಿ, ಒಲೆಯಿಂದಿಳಿಸಿ ಬಿಸಿ ಕಡಿಮೆಯಾದ ಮೇಲೆ ಕಲ್ಕವನ್ನೂ ರಸವನ್ನೂ ಬೆರೆಸಿ, ಸಣ್ಣ ಉರಿಯಲ್ಲಿ ತಳ ಹತ್ತದಂತೆ ಸೌಟಾಡಿಸುತ್ತಿರಬೇಕು. ಉರಿ ಹೆಚ್ಚಿಸಿ ಬೇಗ ಮುಗಿಸುವ ಆತುರವೇ ಘೃತವನ್ನು ಕೆಡಿಸುತ್ತದೆ. ನೀರಿನಂಶ ಆರುವ ಮೊದಲೇ ಕಲ್ಕ ಸೀದುಹೋದರೆ ಅದನ್ನು ಸರಿಪಡಿಸುವ ಉಪಾಯವಿಲ್ಲ. ಕೊನೆಯ ಹಂತದಲ್ಲಿ ಒಲೆಯ ಬಳಿಯಿಂದ ಕದಲಬಾರದು. ಆಗ ನೊರೆ ತಾನಾಗಿಯೇ ಇಳಿಯುತ್ತದೆ (ಎಣ್ಣೆಯ ಪಾಕದಲ್ಲಿ ಇದು ತಿರುಗುಮುರುಗು: ಅಲ್ಲಿ ನೊರೆ ಏಳುವುದೇ ಹದದ ಗುರುತು), ತುಪ್ಪ ತಿಳಿಯಾಗುತ್ತದೆ, ಸೊಪ್ಪಿನ ಪರಿಮಳ ಹೊಮ್ಮುತ್ತದೆ. ಸೌಟಿನ ತುದಿಯಿಂದ ಚೂರು ಕಲ್ಕವನ್ನು ತೆಗೆದು ಆರಿಸಿ ಬೆರಳುಗಳ ನಡುವೆ ಹೊಸೆದಾಗ ಅದು ಬತ್ತಿಯಾಗಬೇಕು, ಆ ಬತ್ತಿಯನ್ನು ಬೆಂಕಿಗೆ ಹಿಡಿದಾಗ ಚಟಚಟ ಸದ್ದು ಬರಬಾರದು. ಸದ್ದು ಬಂದರೆ ನೀರು ಉಳಿದಿದೆಯೆಂದೇ ಅರ್ಥ. ಅಂತಹ ಘೃತ ಬಹುಬೇಗ ಕೆಡುತ್ತದೆ. ಸೇವನೆಗೆ ಈ ಮಧ್ಯಮ ಪಾಕವೇ ತಕ್ಕದ್ದು. ಬಿಸಿ ಆರುವ ಮೊದಲು ಒಣಗಿದ ಶುಭ್ರ ಬಟ್ಟೆಯಲ್ಲಿ ಸೋಸಿ, ತೇವವಿಲ್ಲದ ಗಾಜಿನ ಸೀಸೆಯಲ್ಲೋ ಭರಣಿಯಲ್ಲೋ ತುಂಬಿಡಬೇಕು; ಕಮಟು ವಾಸನೆ ಬಂದ ದಿನವೇ ಚೆಲ್ಲಬೇಕು.

ಪ್ರಮಾಣವನ್ನು ವಯಸ್ಸು, ಜೀರ್ಣಶಕ್ತಿ ಮತ್ತು ರೋಗಗಳನ್ನು ನೋಡಿ ವೈದ್ಯರೇ ನಿರ್ಧರಿಸಬೇಕು. ಘೃತವನ್ನು ಸೇವಿಸಿದ ಮೇಲೆ ಬಿಸಿನೀರು ಕುಡಿಯಬೇಕೆಂಬುದು ಚರಕನ ವಿಧಿ, ತಣ್ಣೀರು ಸಲ್ಲದು. ಸಮತೂಕದ ಜೇನು ಮತ್ತು ತುಪ್ಪವನ್ನು ಸೇರಿಸಿ ತೆಗೆದುಕೊಳ್ಳುವುದನ್ನೂ ಶಾಸ್ತ್ರ ನಿಷೇಧಿಸುತ್ತದೆ. ಪಂಚಕರ್ಮಕ್ಕೆ ಮುನ್ನ ದಿನದಿನಕ್ಕೆ ಪ್ರಮಾಣ ಏರಿಸುತ್ತ ಮೂರರಿಂದ ಏಳು ದಿನ ನಡೆಸುವ ಸ್ನೇಹಪಾನವನ್ನಂತೂ (ಔಷಧೀಯ ತುಪ್ಪ ಕುಡಿಸುವ ಕ್ರಮ) ಮನೆಯಲ್ಲಿ ಸ್ವಂತವಾಗಿ ಮಾಡಲೇಬಾರದು.

ಅಜೀರ್ಣ, ಭೇದಿ, ಜ್ವರ ಇರುವಾಗ ಘೃತವನ್ನು ನಿಲ್ಲಿಸಬೇಕು. ಪಿತ್ತಕೋಶದ ಕಲ್ಲು, ಮೇದೋಜೀರಕ ಗ್ರಂಥಿಯ ಉರಿಯೂತ, ಯಕೃತ್ತಿನ ಕಾಯಿಲೆ, ಹೃದ್ರೋಗ, ರಕ್ತದಲ್ಲಿ ಹೆಚ್ಚಿದ ಕೊಬ್ಬು ಇರುವವರು ತಮ್ಮ ವೈದ್ಯರ ಒಪ್ಪಿಗೆಯಿಲ್ಲದೆ ಒಂದು ಚಮಚವನ್ನೂ ತೆಗೆದುಕೊಳ್ಳಬಾರದು. ಬಜೆ ಅಥವಾ ಭೇದಿಯ ದ್ರವ್ಯಗಳಿರುವ ಘೃತ ಗರ್ಭಿಣಿಯರಿಗೆ ವರ್ಜ್ಯ. ಹಸುಗೂಸಿನ ಮೂಗಿಗೆ ತುಪ್ಪ ಬಿಡುವ, ಅಳುವಾಗ ಬಾಯಿಗೆ ಸುರಿಯುವ ಪದ್ಧತಿಯನ್ನು ಹಿರಿಯರು ಎಷ್ಟೇ ಒತ್ತಾಯಿಸಿದರೂ ತಡೆಯಬೇಕು: ಜಿಡ್ಡು ಶ್ವಾಸಕೋಶಕ್ಕಿಳಿದರೆ ನ್ಯುಮೋನಿಯಾ ಆಗುತ್ತದೆ, ಅದು ಪ್ರಾಣಕ್ಕೇ ಎರವಾಗಬಹುದು. ಈ ಘೃತವನ್ನು ಶಾಸ್ತ್ರವು ಅಪಸ್ಮಾರಕ್ಕೂ ಹೇಳಿದೆಯೆಂಬ ಕಾರಣಕ್ಕೆ ಮೂರ್ಛೆರೋಗದ ಮಾತ್ರೆಗಳನ್ನು ಯಾರೂ ಬಿಡಬಾರದು. ಥಟ್ಟನೆ ಬಿಟ್ಟರೆ ಸೆಳವು ಒಂದರ ಹಿಂದೊಂದು ಬರುವ ಅಪಾಯವಿದೆ.