ಹಿತ್ತಲಿಗೊಂದು ಕವಳಿ ಗಿಡ

ಕಲಬುರಗಿಯಲ್ಲಿ ಹೊಸ ಮನೆ ಕಟ್ಟಿದವರು ನನ್ನನ್ನು ಕೇಳುವುದು ಒಂದೇ ಮಾತು. ನಮ್ಮ ಬಿಸಿಲಿಗೆ ಸಾಯದ ಗಿಡ ಯಾವುದು, ದಿನಾ ನೀರು ಹಾಕುವುದಕ್ಕೆ ಆಗುವುದಿಲ್ಲ. ನಾನು ಹೇಳುವುದೂ ಒಂದೇ. ಕವಳಿ ಹಚ್ಚಿ. ಕೆಲವರು ಇದನ್ನು ಕರಂಡೆ ಅನ್ನುತ್ತಾರೆ. ಬೀದರ್ ಕಡೆ ಮರಾಠಿ ಮಾತಾಡುವವರಿಗೆ ಇದು ಕರವಂದ, ಉರ್ದು ಮಾತಾಡುವವರಿಗೆ ಕರೌಂದಾ. ಹೆಸರು ಯಾವುದಾದರೂ ಇರಲಿ, ಏಪ್ರಿಲ್, ಮೇ ತಿಂಗಳ ಸುಡುವ ಬಿಸಿಲಲ್ಲೂ ಹಸಿರಾಗಿ ನಿಲ್ಲುವ ಗಿಡ ಇದು.

ಮುಳ್ಳು ಜಾಸ್ತಿ ಅಲ್ವಾ ಅಂತ ಹಿಂಜರಿಯುವವರು ಇದ್ದಾರೆ. ಮುಳ್ಳು ಜಾಸ್ತಿ, ನಿಜ. ಆದರೆ ಹಕ್ಕಿಗಳಿಗೆ ಬೇಕಾಗಿರುವುದೇ ಆ ಮುಳ್ಳು. ಬೆಕ್ಕು ಅದರೊಳಗೆ ಸುಲಭವಾಗಿ ನುಗ್ಗುವುದಿಲ್ಲ, ಕಾಗೆ ನುಸುಳಲಾರದು. ನೀವು ಮಾಡಬೇಕಾದದ್ದು ಇಷ್ಟೇ: ಓಡಾಡುವ ದಾರಿಯಿಂದ, ಮಕ್ಕಳು ಆಡುವ ಜಾಗದಿಂದ ಮೂರು ನಾಲ್ಕು ಅಡಿ ದೂರ ಹಚ್ಚಿ. ಬೇಲಿಗಾದರೆ ಗಿಡದಿಂದ ಗಿಡಕ್ಕೆ ಎರಡೂವರೆ ಮೂರು ಅಡಿ ಸಾಕು. ಒಂದೇ ಗಿಡವಾದರೆ ಸುತ್ತ ಆರೇಳು ಅಡಿ ಬಿಡಿ.

ಮಣ್ಣಿನ ವಿಷಯಕ್ಕೆ ಸ್ವಲ್ಪ ನಿಂತು ಹೇಳಬೇಕು. ನನ್ನ ತವರು ಬೀದರ್ ಕಡೆ. ಅಲ್ಲಿನ ಕೆಂಪು ಮಣ್ಣಲ್ಲಿ, ಜಂಬಿಟ್ಟಿಗೆ ಕಲ್ಲಿನ ಸಂದಿಯಲ್ಲಿ ಕವಳಿ ತಾನೇ ಬರುತ್ತಿತ್ತು. ಬಿದ್ದ ಮಳೆ ಅಲ್ಲಿ ನಿಲ್ಲುವುದಿಲ್ಲ, ಸರ್ರನೆ ಇಂಗುತ್ತದೆ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಅದೇ ಧೈರ್ಯದಲ್ಲಿ ಎರಡು ಸಸಿ ತಂದು ಕರಿ ಎರೆ ಮಣ್ಣಲ್ಲಿ ಸುಮ್ನೆ ಗುಂಡಿ ತೋಡಿ ಹಚ್ಚಿದೆ. ಶ್ರಾವಣದ ಜಡಿಮಳೆಗೆ ಗುಂಡಿಯಲ್ಲಿ ನೀರು ನಿಂತಿತು. ಎಲೆ ಹಳದಿಯಾಯಿತು, ಬೇರು ಕೊಳೆಯಿತು, ಎರಡೂ ಹೋದವು. ಬಿಸಿಲು ತಡೆಯುವ ಗಿಡ ನಿಂತ ನೀರನ್ನು ತಡೆಯುವುದಿಲ್ಲ ಅಂತ ಆಗ ತಿಳಿಯಿತು.

ಈಗ ನಾನು ಮಾಡುವುದು ಹೀಗೆ. ಮೇ ತಿಂಗಳಲ್ಲೇ ಒಂದೂವರೆ ಅಡಿ ಗುಂಡಿ ತೋಡಿ ಬಿಸಿಲಿಗೆ ಬಿಡುತ್ತೇನೆ. ತೆಗೆದ ಎರೆ ಮಣ್ಣಿಗೆ ಅರ್ಧದಷ್ಟು ಮುರುಮ (ಗರಸು ಮಣ್ಣು), ಒಂದು ಬುಟ್ಟಿ ಹಳೆಯ ತಿಪ್ಪೆಗೊಬ್ಬರ ಬೆರೆಸಿ ಗುಂಡಿ ತುಂಬುತ್ತೇನೆ. ನೆಲಮಟ್ಟಕ್ಕೆ ನಿಲ್ಲಿಸದೆ ಒಂದು ಗೇಣು ಎತ್ತರದ ದಿಬ್ಬ ಮಾಡುತ್ತೇನೆ. ಮೃಗಶಿರಾ ಮಳೆ ಬಿದ್ದು ಮಣ್ಣು ಕೂತ ಮೇಲೆ ದಿಬ್ಬದ ನೆತ್ತಿಯಲ್ಲಿ ಸಸಿ. ಮನೆ ಕಟ್ಟಿ ಉಳಿದ ಫರಸಿ ಚೂರುಗಳನ್ನು ದಿಬ್ಬದ ಸುತ್ತ ಒತ್ತಿದರೆ ಮಳೆಗೆ ಮಣ್ಣು ಜಾರುವುದಿಲ್ಲ. ಬೀದರ್‌ನವರಿಗೆ ಇಷ್ಟೆಲ್ಲ ಬೇಡ. ಕಲಬುರಗಿ, ಯಾದಗಿರಿಯ ಎರೆ ಹೊಲದವರು ಮಾತ್ರ ಈ ದಿಬ್ಬವನ್ನು ಮರೆಯಬೇಡಿ.

ಮೊದಲ ಎರಡು ಬೇಸಿಗೆ ಕಾಯಬೇಕು. ವಾರಕ್ಕೆ ಎರಡು ಸಲ, ಬಿಸಿಲು ಇಳಿದ ಮೇಲೆ ಅರ್ಧ ಕೊಡ ನೀರು. ಬುಡಕ್ಕೆ ಒಣ ಎಲೆ, ಜೋಳದ ದಂಟಿನ ಚೂರು ಮುಚ್ಚಿ. ಎಳೆ ಸಸಿಯನ್ನು ಆಡು ಬಿಡುವುದಿಲ್ಲ, ಸುತ್ತ ಜಾಲಿ ಮುಳ್ಳು ಇಡಿ. ಮೂರನೇ ವರ್ಷದಿಂದ ಮೇ ತಿಂಗಳಲ್ಲಿ ಎಲೆ ಬಾಡಿದಂತೆ ಕಂಡರೆ ಮಾತ್ರ ಒಂದು ಕೊಡ. ಮಳೆಗಾಲದ ಶುರುವಿಗೆ ಒಂದು ಬುಟ್ಟಿ ಗೊಬ್ಬರ. ಅಷ್ಟೇ.

ಶರಣಬಸವೇಶ್ವರ ಜಾತ್ರೆಯ ಹೊತ್ತಿಗೆ ಗಿಡ ಹೂ ಬಿಟ್ಟಿರುತ್ತದೆ. ಮಲ್ಲಿಗೆಯಂಥ ಬಿಳಿ ಹೂ, ಸಣ್ಣ ಪರಿಮಳ, ಬೆಳಗ್ಗೆಯಿಂದ ಜೇನುಹುಳು. ಆಮೇಲೆ ಹಸಿರು ಕಾಯಿ ಗುಲಾಬಿಯಾಗುತ್ತದೆ, ಕೆಂಪಾಗುತ್ತದೆ, ಮಳೆ ಬರುವಷ್ಟರಲ್ಲಿ ಕಪ್ಪು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಹಣ್ಣಾದ ದಿನ ನಿಮಗಿಂತ ಮುಂಚೆ ಪಿಕಳಾರಕ್ಕೆ ಗೊತ್ತಾಗುತ್ತದೆ. ತಲೆಯ ಮೇಲೆ ಕಪ್ಪು ಜುಟ್ಟು, ಬಾಲದ ಬುಡದಲ್ಲಿ ಕೆಂಪು, ನಾವು ಬುಲ್‌ಬುಲ್ ಅನ್ನುವುದು ಅದನ್ನೇ. ಕೋಗಿಲೆ, ಗೊರವಂಕ ಕೂಡ ಬರುತ್ತವೆ. ಗಿಡದ ಬುಡದಲ್ಲಿ ಹರಟೆಮಲ್ಲಗಳು ಗುಂಪಾಗಿ ಎಲೆ ಕೆದರುತ್ತವೆ.

ಎಲೆಯ ಮೇಲೆ ಕಪ್ಪು ಬಿಳಿ ಪಟ್ಟೆಯ, ಮೈಮೇಲೆ ಕಪ್ಪು ಕೊಂಬಿನಂಥ ಎಳೆಗಳಿರುವ ಹುಳ ಕಂಡರೆ ಔಷಧ ಹೊಡೆಯಬೇಡಿ. ಅದು ಕಾಮನ್ ಕ್ರೋ ಅನ್ನುವ ಚಿಟ್ಟೆಯ ಮರಿ. ನಾಲ್ಕು ಎಲೆ ತಿನ್ನುತ್ತದೆ, ಗಿಡಕ್ಕೆ ಏನೂ ಆಗುವುದಿಲ್ಲ. ಆಮೇಲೆ ಎಲೆಯಡಿ ಬೆಳ್ಳಿ ಗುಂಡಿನಂತೆ ಹೊಳೆಯುವ ಕೋಶ ಕಟ್ಟಿಕೊಳ್ಳುತ್ತದೆ. ಮೊಮ್ಮಕ್ಕಳಿಗೆ ಅದನ್ನು ತೋರಿಸಿ.

ಇನ್ನು ಕತ್ತರಿ. ಒಂದು ಜುಲೈನಲ್ಲಿ ಬೇಲಿ ಅಡ್ಡಾದಿಡ್ಡಿ ಬೆಳೆದಿದೆ ಅಂತ ಆಳನ್ನು ಕರೆದು ಸವರಿಸಿದೆ. ಮೂರನೇ ಕೊಂಬೆ ಬಿದ್ದಾಗ ಅದರ ಜೊತೆ ಒಂದು ಗೂಡೂ ಬಿತ್ತು, ಒಳಗೆ ಮೂರು ಮೊಟ್ಟೆ. ತಾಯಿ ಪಿಕಳಾರ ಸಂಜೆಯವರೆಗೂ ತಂತಿಯ ಮೇಲೆ ಕೂತು ಕೂಗಿತು. ಆ ಕೂಗನ್ನು ನಾನು ಇವತ್ತಿಗೂ ಮರೆತಿಲ್ಲ. ಅಂದಿನಿಂದ ದಸರೆ ಕಳೆದು ದೀಪಾವಳಿ ಬರುವುದರೊಳಗೆ ಮಾತ್ರ ನನ್ನ ಮನೆಯಲ್ಲಿ ಕತ್ತರಿ. ಆಗ ಹಣ್ಣೂ ಮುಗಿದಿರುತ್ತದೆ, ಹೊಸ ಚಿಗುರು ಬಂದು ಬೇಸಿಗೆಯಲ್ಲಿ ಹೂ ಹಿಡಿಯುತ್ತದೆ. ಆಗಲೂ ಕೊಂಬೆ ಸರಿಸಿ ಒಳಗೆ ನೋಡಿಯೇ ಕತ್ತರಿಸಿ. ಒಂದು ಮೂಲೆಯನ್ನಂತೂ ಮುಟ್ಟಲೇಬೇಡಿ, ಪೊದೆಯಾಗಿಯೇ ಇರಲಿ. ಕತ್ತರಿಸಿದ ಮುಳ್ಳನ್ನು ದಾರಿಯಲ್ಲಿ ಬಿಡಬೇಡಿ, ಚಪ್ಪಲಿಗೂ ಟೈರಿಗೂ ಚುಚ್ಚುತ್ತದೆ. ಮೆಂತ್ಯ, ಪಾಲಕ್ ಬಿತ್ತಿದ ಮಡಿಯ ಮೇಲೆ ಹರಡಿದರೆ ಕೋಳಿ ಕೆದರುವುದಿಲ್ಲ.

ಹಣ್ಣಿನಲ್ಲಿ ನಮ್ಮ ಪಾಲು ಕೈಗೆ ಎಟುಕುವಷ್ಟು. ಮೇಲಿನದು ಹಕ್ಕಿಗಳದ್ದು. ಉಪ್ಪಿನಕಾಯಿಗೆ ಗುಲಾಬಿ ಬಣ್ಣಕ್ಕೆ ತಿರುಗುವ ಗಟ್ಟಿ ಕಾಯಿಯೇ ಚೆಂದ. ಕಿತ್ತಾಗ ಬಿಳಿ ಹಾಲು ಬರುತ್ತದೆ, ಅಂಟು ಕೈಬಿಡುವುದಿಲ್ಲ. ಮೊದಲೇ ಕೈಗೂ ಚಾಕುವಿಗೂ ಶೇಂಗಾ ಎಣ್ಣೆ ಸವರಿಕೊಳ್ಳಿ, ಕಣ್ಣು ಉಜ್ಜಿಕೊಳ್ಳಬೇಡಿ. ಎರಡು ಹೋಳು ಮಾಡಿ ಬೀಜ ತೆಗೆದು, ಉಪ್ಪು ಹಾಕಿ ಎರಡು ದಿನ ಬಿಸಿಲಿಗಿಡಿ. ಆಮೇಲೆ ಖಾರ, ಹುರಿದ ಮೆಂತ್ಯ, ಸಾಸಿವೆ, ಕಾಯಿಸಿ ಆರಿಸಿದ ಎಣ್ಣೆ. ಕುಸುಬಿ ಎಣ್ಣೆ ಸಿಕ್ಕರೆ ರುಚಿಯೇ ಬೇರೆ. ಹುಳಿ ಜಾಸ್ತಿ ಇರುವುದರಿಂದ ಅಲ್ಯೂಮಿನಿಯಂ ಪಾತ್ರೆ ಬೇಡ, ಗಾಜಿನ ಭರಣಿ ಒಳ್ಳೆಯದು. ತೊಗರಿ ಬೇಳೆಗೆ ಹುಣಸೆ ಬದಲು ನಾಲ್ಕು ಕಾಯಿ ಜಜ್ಜಿ ಹಾಕಿ ನೋಡಿ. ಬೇಕರಿಯ ಬನ್ನಿನಲ್ಲಿ ಮಕ್ಕಳು ಹುಡುಕುವ ಕೆಂಪು ಚೆರಿ ಇದೆಯಲ್ಲ, ಹೆಚ್ಚಿನ ಸಲ ಅದು ಸಕ್ಕರೆ ಪಾಕದಲ್ಲಿ ಹಾಕಿದ ಕವಳಿಯೇ.

ಒಂದು ಎಚ್ಚರಿಕೆ. ಕಣಗಿಲೆ ಇದೇ ಕುಟುಂಬದ ಗಿಡ, ಅದರಲ್ಲೂ ಹಾಲು ಬರುತ್ತದೆ, ಆದರೆ ಅದು ವಿಷ. ಗಿಡ ಯಾವುದೆಂದು ಖಾತ್ರಿಯಾಗದೆ ಮಕ್ಕಳು ಬಾಯಿಗೆ ಹಾಕಬಾರದು.

ಸಸಿಗೆ ನರ್ಸರಿಗೇ ಹೋಗಬೇಕೆಂದಿಲ್ಲ. ಕಳಿತ ಹಣ್ಣಿನ ಬೀಜ ತೊಳೆದು ಆ ವಾರವೇ ಬಿತ್ತಿ, ಇಟ್ಟುಕೊಂಡರೆ ಹುಟ್ಟುವುದಿಲ್ಲ. ನಮ್ಮ ಮನೆಯಲ್ಲಂತೂ ಹಕ್ಕಿಗಳೇ ಬಿತ್ತುತ್ತವೆ. ಹಣ್ಣು ತಿಂದು ಬೇವಿನ ಮರದಲ್ಲಿ ಕೂರುತ್ತವೆ, ಮಳೆ ಬಿದ್ದ ಮೇಲೆ ಮರದಡಿ ಸಣ್ಣ ಸಣ್ಣ ಕವಳಿ ಸಸಿ ಏಳುತ್ತವೆ. ಗೇಣುದ್ದ ಆದಾಗ ಮಣ್ಣಿನ ಹೆಂಟೆ ಸಮೇತ ಎತ್ತಿ ಹಾಲಿನ ಪಾಕೀಟಿಗೆ ಹಾಕಿಡುತ್ತೇನೆ. ಮುಂದಿನ ಮೃಗಶಿರಾ ಮಳೆಗೆ ಕೇಳಿದವರ ಮನೆಗೆ ಹೋಗುತ್ತವೆ. ಈ ಸಲ ಹನ್ನೊಂದು ಸಸಿ ಇವೆ.