ಮೇಣ, ಜಲವರ್ಣ, ಇಂಕು: ಯಾವುದು ಮೊದಲು?

ಪೆನ್ನಿನಲ್ಲಿ ಗೆರೆ ಎಳೆದು ಮೇಲೆ ಜಲವರ್ಣ ಬಳಿದ ಕೂಡಲೇ ಗೆರೆ ಹರಡುತ್ತಿತ್ತು. ಹಳದಿ ಕೂಡ ಕೊಳಕು ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಮೇಣದ ಕ್ರೇಯಾನ್ ಸೇರಿಸಿದರೆ ಇನ್ನೊಂದು ತಲೆನೋವು: ಅದರ ಮೇಲೆ ಇಂಕು ನಿಲ್ಲುತ್ತಲೇ ಇರಲಿಲ್ಲ.

ಇಂಕನ್ನು ರಾತ್ರಿಯಿಡೀ ಒಣಗಲು ಬಿಟ್ಟೆ, ಪ್ರಯೋಜನವಾಗಲಿಲ್ಲ. ಫಿಕ್ಸೆಟಿವ್ ಸ್ಪ್ರೇ (ಚಿತ್ರ ಅಳಿಸದಂತೆ ಹಿಡಿದಿಡುವ ದ್ರಾವಣ) ಹೊಡೆದರೆ ಕಾಗದ ಬಣ್ಣವನ್ನು ಸಮವಾಗಿ ಹೀರಲಿಲ್ಲ. ದಪ್ಪ ಕಾಗದದಿಂದ ಸುಕ್ಕು ಕಮ್ಮಿಯಾಯಿತು, ಅಷ್ಟೇ. ಹೇರ್ ಡ್ರೈಯರ್ ಅಂತೂ ಬೇಡವೇ ಬೇಡ, ಮೇಣ ಕರಗುತ್ತದೆ.

ದಾರಿ ಹೊಳೆದದ್ದು ಇಂಗ್ಲಿಷ್ ಶಿಲ್ಪಿ ಹೆನ್ರಿ ಮೂರ್ ಚಿತ್ರಗಳಿಂದ. 1940-41ರಲ್ಲಿ ಬಾಂಬ್ ದಾಳಿಗೆ ಹೆದರಿ ಲಂಡನ್ನಿನ ಸುರಂಗ ರೈಲು ನಿಲ್ದಾಣಗಳಲ್ಲಿ ಆಶ್ರಯ ಪಡೆದವರನ್ನು ಅವರು ಬಿಡಿಸಿದ್ದರು. ಅವುಗಳಲ್ಲಿ ಮೇಣ, ಜಲವರ್ಣ, ಇಂಕು ಮೂರೂ ಇವೆ.

ನನಗೆ ಸರಿಹೋದ ಕ್ರಮ ಹೀಗಿದೆ. 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಕೋಲ್ಡ್ ಪ್ರೆಸ್, ಅಂದರೆ ಸ್ವಲ್ಪ ತರಿತರಿಯಾದ ಕಾಗದದ ಮೇಲೆ ಗಟ್ಟಿ ಸೀಸದ 2ಎಚ್ ಪೆನ್ಸಿಲ್‌ನಿಂದ ಹಗುರವಾಗಿ ರೂಪರೇಖೆ. ಬೆಳಕು ಬೇಕಾದ ಕಡೆ ಬಿಳಿ ಮೇಣದ ಕ್ರೇಯಾನನ್ನು ಒತ್ತಿ ಉಜ್ಜಿ. ಆಮೇಲೆ ಜಲವರ್ಣ. ಮೇಣ ಇದ್ದಲ್ಲಿ ನೀರು ಹನಿಯಾಗಿ ಸರಿಯುತ್ತದೆ, ಸುಮ್ನೆ ಬಿಡಿ, ಅಲ್ಲೇ ತಿದ್ದಬೇಡಿ. ಬೆರಳಿನ ಹಿಂಬದಿಯಿಂದ ಕಾಗದ ಮುಟ್ಟಿ. ತಣ್ಣಗಿದ್ದರೆ ಒಳಗೆ ಇನ್ನೂ ತೇವವಿದೆ ಅಂತ ಅರ್ಥ. ಪೂರ್ತಿ ಒಣಗಿದ ಮೇಲೆಯೇ ಇಂಕು, ಅದೂ ಮೇಣದ ಮೇಲಲ್ಲ, ಅದರ ಪಕ್ಕದಲ್ಲಿ.

ಪೆನ್ನು 0.3 ಮಿ.ಮೀ. ತುದಿಯದು, ನೀರಿಗೆ ಕರಗದ ಪಿಗ್ಮೆಂಟ್ (ಬಣ್ಣದ ನುಣ್ಣನೆಯ ಕಣಗಳ) ಇಂಕಿನದು. ಫೌಂಟನ್ ಪೆನ್ನಿನ ಇಂಕು ಹೆಚ್ಚಾಗಿ ಡೈ (ನೀರಿನಲ್ಲಿ ಕರಗುವ ಬಣ್ಣ) ಆಧಾರಿತ. ಒಣಗಿದರೂ ನೀರು ತಾಗಿದರೆ ಮತ್ತೆ ಕರಗುತ್ತದೆ. ಅನುಮಾನ ಇದ್ದರೆ ಅದೇ ಕಾಗದದ ತುಂಡಿನ ಮೇಲೆ ಗೆರೆ ಎಳೆದು, ಒಣಗಿದ ಮೇಲೆ ಒದ್ದೆ ಬ್ರಷ್ ಆಡಿಸಿ ನೋಡಿ.