ಹಳೇ ಕೊಟ್ಟಿಗೆ ಕೆಡವುವ ಮುಂಚೆ

ಸಕಲೇಶಪುರ, ಮೂಡಿಗೆರೆ ಕಡೆ ಈಗ ದನ ಸಾಕುವವರು ಕಮ್ಮಿ. ಕೊಟ್ಟಿಗೆಗಳು ಖಾಲಿ ನಿಂತಿವೆ. ಅವನ್ನು ಕೆಡವಿ ಶೀಟಿನ ಶೆಡ್ ಹಾಕುವವರೇ ಜಾಸ್ತಿ. ನಾವು ನಮ್ಮ ಕೊಟ್ಟಿಗೆ ಉಳಿಸಿಕೊಂಡು ಕಾಫಿ, ಮೆಣಸಿನ ಮೂಟೆ ಇಡುವ ಉಗ್ರಾಣ ಮಾಡಿಕೊಂಡೆವು. ನೀವೂ ಮಾಡಿ.

ಮೊದಲು ಒಂದು ಮಳೆಗಾಲ ಸುಮ್ನೆ ನೋಡಿ. ಜಡಿಮಳೆ ಹಿಡಿದಾಗ ಟಾರ್ಚ್ ಹಿಡಿದು ಒಳಗೆ ನಿಲ್ಲಿ. ಎಲ್ಲಿ ತೊಟ್ಟಿಕ್ಕುತ್ತದೆ, ಗೋಡೆ ಬುಡದಲ್ಲಿ ಎಲ್ಲಿ ನೀರು ನಿಲ್ಲುತ್ತದೆ, ಗುರುತು ಹಾಕಿಕೊಳ್ಳಿ.

ಬೇಸಿಗೆಯಲ್ಲಿ ಹೆಂಚು ಇಳಿಸಿ. ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ. ಠಣ್ ಎಂದರೆ ಗಟ್ಟಿ, ಬೊದ್ದು ಸದ್ದು ಬಂದರೆ ಬಿರುಕು ಬಿಟ್ಟಿದೆ. ಮಗುಚಿ ನೋಡಿದರೆ ಕಾರ್ಖಾನೆಯ ಹೆಸರೂ ಸಿಗಬಹುದು. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಅಂಥ ಹೆಂಚನ್ನು ಎಸೆಯಲು ಮನಸ್ಸು ಬರುತ್ತದಾ? ಹೆಂಚು ಹೊರುವ ಮರದ ಜಂತೆ, ರೀಪುಗಳನ್ನು ಮೊಳೆಯಿಂದ ಚುಚ್ಚಿ ನೋಡಿ. ಮೆತ್ತಗಾದ ತುದಿಯನ್ನಷ್ಟೇ ಕೊಯ್ದು ಹೊಸ ತುಂಡು ಜೋಡಿಸಿದರೆ ಸಾಕು.

ಗೋಡೆಯಲ್ಲಿ ನಾವು ಏಟು ತಿಂದೆವು. ಮಣ್ಣಿನ ಗೋಡೆಗೆ ಸಿಮೆಂಟ್ ಬಳಿಸಿದ್ದೆವು. ಒಳಗಿನ ತೇವ ಹೊರಗೆ ಹೋಗಲಾರದೆ ಮುಂದಿನ ಮಳೆಗಾಲಕ್ಕೆ ಗಾರೆ ರೊಟ್ಟಿಯ ಹಾಗೆ ಎದ್ದು ಬಂತು, ಜೊತೆಗೆ ಗೋಡೆಯ ಮಣ್ಣನ್ನೂ ಕಿತ್ತು ತಂತು. ಮಣ್ಣಿಗೆ ಮಣ್ಣೇ ಸರಿ. ಜರಡಿ ಹಿಡಿದ ಮಣ್ಣಿಗೆ ಕತ್ತರಿಸಿದ ಭತ್ತದ ಹುಲ್ಲು ಸೇರಿಸಿ, ಕೆಲವು ದಿನ ನೆನೆಸಿ, ತುಳಿದು ಮೆತ್ತಿ. ಒಣಗಿದ ಮೇಲೆ ಸುಣ್ಣ ಹೊಡೆಯಿರಿ. ಸುಣ್ಣ ನೀರಿಗೆ ಬಿದ್ದರೆ ಕುದಿಯುತ್ತದೆ, ಕಣ್ಣು ಜೋಪಾನ.

ನೆಲವನ್ನು ಮರೆಯಬೇಡಿ. ವರ್ಷಗಟ್ಟಲೆ ಗಂಜಲ ಕುಡಿದ ಮಣ್ಣದು. ಕಾಫಿ ಬೀಜ ಸುತ್ತಲಿನ ವಾಸನೆಯನ್ನೆಲ್ಲ ಹೀರುತ್ತದೆ, ಅಲ್ವಾ? ನಾವು ಅರ್ಧ ಅಡಿ ಅಗೆದು ತೆಗೆದೆವು. ಆ ಮಣ್ಣು ಗೊಬ್ಬರದ ಗುಂಡಿಗೆ ಹೋಯಿತು. ಮೂಟೆಗಳನ್ನು ಗೋಡೆಗೆ ತಾಗಿಸದೆ ಹಲಗೆಯ ಮೇಲೆ ಇಡಿ.

ಸೂರಿನ ನೀರನ್ನು ದೋಣಿ ಕಟ್ಟಿ ಕೆರೆಗೋ ಬಾವಿಗೋ ತಿರುಗಿಸಿ. 100 ಚದರ ಮೀಟರ್ ಮಾಡಿಗೆ 2000 ಮಿ.ಮೀ. ಮಳೆ ಬಿದ್ದರೆ 2 ಲಕ್ಷ ಲೀಟರ್ ನೀರು. ಗೋಡೆಯಲ್ಲಿ ಹುಟ್ಟಿದ ಅರಳಿ ಸಸಿಯನ್ನು ಚಿಕ್ಕದಿದ್ದಾಗಲೇ ಕೀಳಿ.

ಅಟ್ಟದಲ್ಲಿ ಗೂಬೆ ಇದ್ದರೆ ಮರಿ ಹಾರಿಹೋಗುವವರೆಗೆ ಆ ಮೂಲೆ ಮುಟ್ಟಬೇಡಿ. ಕೆಲಸ ಮುಗಿದ ಮೇಲೂ ಅದು ಬರುವ ಕಂಡಿ ಮುಚ್ಚಬೇಡಿ. ನಮ್ಮ ಉಗ್ರಾಣವನ್ನು ಇಲಿಯಿಂದ ಕಾಯುವುದು ಅದೇ.